ಬಾದಲ್, ಡಾಲ್ಫಿನ್, ರೇವಾ: ಬೆಂಗಳೂರು ಹೆತ್ತು ಮರೆತ ಸಣ್ಣ ಕಾರುಗಳು

ಬಾನೆಟ್ಟನ್ನು ಅವರು ಒಂದೇ ಕೈಯಲ್ಲಿ ಎತ್ತಿ, ಬಿದಿರಿನ ಮೊರ ಇಡುವ ಹಾಗೆ ಗೋಡೆಗೆ ಒರಗಿಸಿದರು. "ತಗಡಿಂದಾಗಿದ್ರೆ ಇಷ್ಟು ಸಲೀಸಾಗಿ ಎತ್ತೋಕಾಗ್ತಿತ್ತೇನಮ್ಮ?" ಎಂದು ಕೈಯ ಧೂಳು ಕೊಡವಿಕೊಂಡರು.

ನೆಲಮಂಗಲದ ಕಡೆ ಹೋಗುವ ದಾರಿಯಲ್ಲಿ ಒಂದು ಮನೆ, ಮನೆಯ ಹಿಂದೆ ಸಿಮೆಂಟ್ ಶೀಟಿನ ಶೆಡ್ಡು, ಶೆಡ್ಡಿನೊಳಗೆ 1985ರ ಸಿಪಾನಿ ಡಾಲ್ಫಿನ್. ಯಜಮಾನರು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಎಪ್ಪತ್ತು ಎಂಬತ್ತರ ದಶಕದ ಕಾರ್ಮಿಕರ ನೆನಪುಗಳನ್ನು ನನ್ನ ಪಿಎಚ್‌ಡಿಗಾಗಿ ರೆಕಾರ್ಡ್ ಮಾಡಿಕೊಳ್ಳಲು ಹೋಗಿದ್ದೆ. ಕಾಫಿ ಕುಡಿದಾದ ಮೇಲೆ ಅವರು ಯೂನಿಯನ್, ಮುಷ್ಕರ, ಕ್ಯಾಂಟೀನಿನ ಮಾತೆಲ್ಲ ಬಿಟ್ಟು "ಬನ್ನಿ, ಒಂದು ಸಾಮಾನು ತೋರಿಸ್ತೀನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಬಾನೆಟ್ಟಿನ ಅಡಿಯಲ್ಲಿದ್ದದ್ದು ಡಾಲ್ಫಿನ್ನಿನ ಎಂಜಿನ್ ಅಲ್ಲ, ಮಾರುತಿ ಆಮ್ನಿಯದು. ಸೀಟುಗಳು ಇನ್ಯಾವುದೋ ಕಾರಿನವು. ಮೀಟರು ಗುಜರಿಯಿಂದ ಬಂದದ್ದು. ಹಾಗಾದರೆ ಕಂಪನಿಯದು ಏನು ಉಳಿದಿದೆ ಎಂದು ಕೇಳಿದೆ. "ಚಾಸಿ, ಬಾಡಿ, ಆರ್‌ಸಿ ಪುಸ್ತಕ" ಎಂದರು. ಇದನ್ನು ಇನ್ನೂ ಡಾಲ್ಫಿನ್ ಅನ್ನಬಹುದೇ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಾತನ ಮನೆಯ ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ್ರೆ ಅದು ನಿಮ್ಮ ತಾತನ ಮನೆ ಅಲ್ವೇನಮ್ಮ?" ಎಂದು ತಿರುಗಿ ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಅವತ್ತು ಉತ್ತರವಿರಲಿಲ್ಲ. ಕಾರಿನ ಚರಿತ್ರೆ ಹುಡುಕಲು ಹೊರಟದ್ದು ಅದರಿಂದಾಗಿಯೇ.

ಭಾರತದಲ್ಲಿ ಸಣ್ಣ ಕಾರು ಎಂಬುದು ವಸ್ತುವಾಗುವ ಮೊದಲು ಬಹಳ ಕಾಲ ಬರೀ ಕನಸಾಗಿತ್ತು. ಅರವತ್ತರ ದಶಕದಲ್ಲಿ ಕಾರು ಕೊಳ್ಳುವವರ ಮುಂದೆ ಇದ್ದದ್ದು ಮುಖ್ಯವಾಗಿ ಮೂರು ಹೆಸರು: ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಬೊಂಬಾಯಿಯ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ದುಡ್ಡಿದ್ದರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮಧ್ಯಮ ವರ್ಗಕ್ಕೆ ಎಟಕುವ ಕಾರು ಬೇಕೆಂದು ಸಮಿತಿಗಳು ವರದಿ ಬರೆದವು, ಸಂಸತ್ತಿನಲ್ಲಿ ಮಾತಾಯಿತು, ಕಡತ ಮುಂದೆ ಹೋಗಲಿಲ್ಲ. ಈ ಸರ್ಕಾರಿ ವಿಳಂಬದ ಹೊರಗೆ ತಮ್ಮ ಪಾಡಿಗೆ ತಾವು ಕಾರು ಕಟ್ಟುತ್ತಿದ್ದ ಕೆಲವರೂ ಇದ್ದರು. ನಮ್ಮ ಗಡಿಗೆ ಹತ್ತಿರದ ಇಚಲಕರಂಜಿಯ ಶಂಕರರಾವ್ ಕುಲಕರ್ಣಿಯವರು 'ಮೀರಾ' ಎಂಬ ಪುಟಾಣಿ ಕಾರನ್ನು ದಶಕಗಳ ಕಾಲ ತಿದ್ದಿ ತಿದ್ದಿ ಮಾದರಿಗಳನ್ನು ಮಾಡಿದರು. ಅದು ಕೊನೆಗೂ ಮಾರುಕಟ್ಟೆಗೆ ಬರಲಿಲ್ಲ. 1970ರಲ್ಲಿ ಸಂಜಯ್ ಗಾಂಧಿಯವರಿಗೆ ಮಾರುತಿಯ ಅನುಮತಿ ಪತ್ರ ಸಿಕ್ಕಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಮಾರುತಿ ಪೂರ್ತಿ ಸ್ವದೇಶಿಯಾಗಬೇಕಿತ್ತು. ಅದೂ ಆ ರೂಪದಲ್ಲಿ ರಸ್ತೆಗೆ ಬರಲಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ ಶುರುವಾಯಿತು. ಮುಂದೆ ಇದೇ ಸಿಪಾನಿ ಆಟೊಮೊಬೈಲ್ಸ್ ಆಗಿ ಹೆಸರು ಬದಲಿಸಿಕೊಂಡಿತು. ಎಪ್ಪತ್ತರ ದಶಕದ ನಡುವಿನಲ್ಲಿ ಅವರು ಹೊರತಂದ ಮೊದಲ ವಾಹನದ ಹೆಸರು 'ಬಾದಲ್'. ಹಿಂದಿಯಲ್ಲಿ ಮೋಡ. ಮುಂದೆ ಒಂದು ಚಕ್ರ, ಹಿಂದೆ ಎರಡು, ಹಿಂಭಾಗದಲ್ಲಿ 198 ಸಿಸಿಯ ಟು-ಸ್ಟ್ರೋಕ್ ಎಂಜಿನ್, ಫೈಬರ್‌ಗ್ಲಾಸ್ ಮೈ. ಸ್ಕೂಟರಿನ ಹೃದಯವನ್ನು ಕಾರಿನ ಹೊಟ್ಟೆಯೊಳಗೆ ಇಟ್ಟ ಹಾಗೆ. ಲೆಕ್ಕಾಚಾರ ತಪ್ಪಿದ್ದೇನೂ ಅಲ್ಲ: ಮಳೆ ಬಿಸಿಲಿಗೆ ಮೈಯೊಡ್ಡಿ ಒಂದೇ ಸ್ಕೂಟರಿನಲ್ಲಿ ನಾಲ್ಕು ಜನ ಹೋಗುವ ಸಂಸಾರಕ್ಕೆ ತಲೆಯ ಮೇಲೊಂದು ಸೂರು ಕೊಡುವುದು. ಆದರೆ ಕಾರು ಕೊಳ್ಳುವವನು ನಮ್ಮಲ್ಲಿ ಸೂರನ್ನಷ್ಟೇ ಕೊಳ್ಳುವುದಿಲ್ಲವಲ್ಲ. ಬೀದಿಯವರ ಮುಂದೆ ಮೂರು ಚಕ್ರದ ಗಾಡಿಯಿಂದ ಇಳಿದರೆ ಅದು ಆಟೊದಿಂದ ಇಳಿದ ಹಾಗೆಯೇ ಕಾಣುತ್ತದೆ. ನಾಲ್ಕು ಚಕ್ರದ ಬಾದಲ್ ಕೂಡ ಬಂತು, ನಿಲ್ಲಲಿಲ್ಲ.

ಫೈಬರ್‌ಗ್ಲಾಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕಾರುಗಳ ಹುಟ್ಟು, ಸಾವು, ಮರುಹುಟ್ಟು ಮೂರಕ್ಕೂ ಕಾರಣ ಅದೇ. ಉಕ್ಕಿನ ಕಾರಿನ ಮೈ ಆಗುವುದು ಅಚ್ಚಿನಲ್ಲಿ. ಭಾರಿ ಪ್ರೆಸ್ಸು ತಗಡನ್ನು ಡೈ ಮೇಲೆ ಒತ್ತುತ್ತದೆ, ಬಾಗಿಲೋ ಛಾವಣಿಯೋ ಕ್ಷಣದಲ್ಲಿ ತಯಾರು. ಆದರೆ ಆ ಡೈಗಳಿಗೆ ಸುರಿಯುವ ಬಂಡವಾಳ ವಾಪಸು ಬರಬೇಕಾದರೆ ಕಾರುಗಳನ್ನು ಸಾವಿರಗಟ್ಟಲೆ ಮಾರಲೇಬೇಕು. ಫೈಬರ್‌ಗ್ಲಾಸಿನದು ತದ್ವಿರುದ್ಧ. ಅಚ್ಚಿನ ಒಳಗೆ ಮೇಣ ಸವರಿ, ಬಣ್ಣದ ಜೆಲ್‌ಕೋಟ್ ಬಳಿದು, ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರೆಸಿನ್ನನ್ನು ಬ್ರಷ್ಷಿನಿಂದ ಮೆತ್ತಿ, ಗುಳ್ಳೆ ಉಳಿಯದ ಹಾಗೆ ರೋಲರಿನಿಂದ ಒತ್ತಿ, ಒಣಗುವವರೆಗೆ ಕಾಯಬೇಕು. ಯಂತ್ರ ಕಡಿಮೆ, ಕೈಗೆಲಸ ಜಾಸ್ತಿ. ನೂರು ಕಾರಿಗೆ ಅಗ್ಗ, ಲಕ್ಷ ಕಾರಿಗೆ ದುಬಾರಿ. ಬಂಡವಾಳವಿಲ್ಲದ, ಆದರೆ ಕುಶಲ ಕೈಗಳಿದ್ದ ಊರಿಗೆ ಹೇಳಿ ಮಾಡಿಸಿದ ವಿಧಾನ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐಗಳ ನೆರಳಿನಲ್ಲಿ ಬೆಳೆದ ಬೆಂಗಳೂರಿನಲ್ಲಿ ಅಂಥ ಕೈಗಳಿಗೇನೂ ಬರವಿರಲಿಲ್ಲ.

1982ರಲ್ಲಿ ಬಂದದ್ದು ಡಾಲ್ಫಿನ್. ಇದು ನಿಜವಾದ ಕಾರು: ನಾಲ್ಕು ಚಕ್ರ, ಮುಂದೆ 848 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಇದರ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ 'ಕಿಟನ್'. ಆ ಮೂಲದ ಕಥೆಯೂ ಸೋಲಿನದೇ. ರಿಲಯಂಟ್ ಹೆಸರಾಗಿದ್ದದ್ದು ಮೂರು ಚಕ್ರದ ರೀಗಲ್, ರಾಬಿನ್ ಕಾರುಗಳಿಗೆ. ಇಂಗ್ಲೆಂಡಿನ ಕಾನೂನಿನಲ್ಲಿ ಹಗುರವಾದ ಮೂರು ಚಕ್ರದ ಗಾಡಿಯನ್ನು ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು, ತೆರಿಗೆಯೂ ಕಡಿಮೆ. ಹಾಗಾಗಿ ಗಣಿ ಊರುಗಳ ಕಾರ್ಮಿಕರು ಅದನ್ನು ಕೊಂಡರು, ಉಳಿದವರು ನಕ್ಕರು. ಮಿಸ್ಟರ್ ಬೀನ್ ಪದೇ ಪದೇ ಪಕ್ಕಕ್ಕೆ ತಳ್ಳುವ ಆ ತಿಳಿನೀಲಿ ಗಾಡಿ ಇದೇ ಕಂಪನಿಯದು. 1975ರಲ್ಲಿ ರಾಬಿನ್‌ಗೆ ನಾಲ್ಕನೆಯ ಚಕ್ರ ಹಾಕಿ ಕಿಟನ್ ಮಾಡಿದರು. ನಾಲ್ಕು ಚಕ್ರ ಬಂದ ಕೂಡಲೇ ಲೈಸೆನ್ಸಿನ ರಿಯಾಯಿತಿ ಹೋಯಿತು. ಮಿನಿಯಂಥ ಜನಪ್ರಿಯ ಕಾರುಗಳ ಎದುರು ನಿಲ್ಲಬೇಕಾಯಿತು. ಏಳು ವರ್ಷದಲ್ಲಿ ಆದದ್ದು ಬರೀ ನಾಲ್ಕು ಸಾವಿರದ ಆಸುಪಾಸು. 1982ರಲ್ಲಿ ಅಲ್ಲಿ ಕಿಟನ್ ನಿಂತಿತು, ಅದೇ ವರ್ಷ ಇಲ್ಲಿ ಡಾಲ್ಫಿನ್ ಹೊರಟಿತು.

ಆದರೆ ಎಂಜಿನ್ ಮಾತ್ರ ನಗುವಂಥದ್ದಲ್ಲ. ಯುದ್ಧಕ್ಕೆ ಮುಂಚೆ ರಿಲಯಂಟ್ ತನ್ನ ಗಾಡಿಗಳಿಗೆ ಆಸ್ಟಿನ್ ಸೆವೆನ್ ಕಾರಿನ ಎಂಜಿನ್ ಕೊಳ್ಳುತ್ತಿತ್ತು. ಆಸ್ಟಿನ್ ಅದನ್ನು ನಿಲ್ಲಿಸಿದಾಗ ಅದರಂಥದ್ದನ್ನು ತಾನೇ ಮಾಡಿಕೊಂಡಿತು. 1962ರಲ್ಲಿ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಮ್ಮಿನ ಹೊಸ ಎಂಜಿನ್ ತಂದಿತು. ಅದೇ ಬೆಳೆದು 848 ಸಿಸಿ ಆದದ್ದು. ಸುಮಾರು ಅರ್ಧ ಟನ್ ತೂಗುವ ಕಾರಿಗೆ ನಲವತ್ತು ಅಶ್ವಶಕ್ತಿ. ನಮ್ಮಲ್ಲಿ ಅಂಬಾಸಿಡರ್ ಹೊತ್ತು ತಿರುಗುತ್ತಿದ್ದ ತೂಕಕ್ಕೆ ಹೋಲಿಸಿದರೆ ಇದು ಜಿಂಕೆ. ಸಂಸಾರಸ್ಥರಿಗೆ ಬೇಡವಾದ ಡಾಲ್ಫಿನ್ ರೇಸಿನವರ ಕಣ್ಣಿಗೆ ಬಿದ್ದದ್ದು ಇದರಿಂದಾಗಿಯೇ. ಮದರಾಸಿನ ಹೊರಗೆ ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ, ರ‍್ಯಾಲಿಗಳಲ್ಲಿ ಡಾಲ್ಫಿನ್ ಓಡಿತು. ಹೆಡ್ಡನ್ನು ಕೆತ್ತಿಸಿ ಕಂಪ್ರೆಷನ್ ಹೆಚ್ಚಿಸುವುದು, ಪೋರ್ಟುಗಳನ್ನು ಉಜ್ಜಿ ನುಣುಪು ಮಾಡುವುದು, ಕಾರ್ಬುರೇಟರ್ ಬದಲಿಸುವುದು, ಒಳಗಿನ ಬೇಡದ್ದನ್ನೆಲ್ಲ ಕಿತ್ತೆಸೆಯುವುದು: ಇವೆಲ್ಲ ಆ ಕಾಲದ ಟ್ಯೂನರುಗಳ ವಿದ್ಯೆ. ಅಂದರೆ ಡಾಲ್ಫಿನ್ನನ್ನು ಬದಲಾಯಿಸುವುದು ಈಚಿನ ಹುಡುಗರ ಶೋಕಿಯಲ್ಲ. ಅದರ ಬಾಳಿನ ಅತ್ಯಂತ ಮರ್ಯಾದೆಯ ದಿನಗಳು ಬದಲಾದ ರೂಪದಲ್ಲೇ ಕಳೆದವು.

1983ರ ಡಿಸೆಂಬರಿನಲ್ಲಿ ಸುಜುಕಿಯ ಜೊತೆಗೂಡಿದ ಸರ್ಕಾರಿ ಮಾರುತಿಯ ಮೊದಲ ಕಾರು ಹೊರಬಿತ್ತು. 796 ಸಿಸಿ, ಉಕ್ಕಿನ ಮೈ, ನಾಲ್ಕು ಬಾಗಿಲು, ಕೀಲಿ ತಿರುಗಿಸಿದರೆ ಹೊರಡುತ್ತದೆ. ಡಾಲ್ಫಿನ್ನಿಗೆ ಎರಡೇ ಬಾಗಿಲು. ಅಜ್ಜಿಯೊಬ್ಬರು ಮುಂದಿನ ಸೀಟನ್ನು ಮಡಚಿ ಸೀರೆ ಸಾವರಿಸಿಕೊಂಡು ಹಿಂದಕ್ಕೆ ನುಸುಳುವ ದೃಶ್ಯವನ್ನು ಊಹಿಸಿಕೊಂಡರೆ ಸಾಕು, ಮಾರುಕಟ್ಟೆ ಸಮೀಕ್ಷೆ ಬೇಕಿಲ್ಲ. ಸಿಪಾನಿಯವರು ಅದನ್ನು ತಿಳಿದು ಎಂಬತ್ತರ ದಶಕದ ಕೊನೆಗೆ ಬಾಗಿಲು ಹೆಚ್ಚಿಸಿ 'ಮೊಂಟಾನಾ' ತಂದರು. ಹೊತ್ತು ಮೀರಿತ್ತು. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನದೇ ರೋವರ್ ಮೊಂಟಿಗೊ ಎಂಬ ದೊಡ್ಡ ಕಾರನ್ನು ಜೋಡಿಸಿ ಮಾರುವ ಪ್ರಯತ್ನವೂ ಆಯಿತು. ಆ ದಶಕದ ನಡುವಿಗೆ ಎಲ್ಲ ಮುಗಿಯಿತು.

ಬೆಂಗಳೂರು ಅಲ್ಲಿಗೆ ಸುಮ್ಮನಾಗಲಿಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ಬಂತು. ಕಾರಿನ ಆಕಾರದ ಆಟಿಕೆ ಎಂದು ನಾವು ಶಾಲೆಯ ವ್ಯಾನಿನ ಕಿಟಕಿಯಿಂದ ನೋಡಿ ಕಿರುಚುತ್ತಿದ್ದ ಕಾರು ಅದು. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಪ್ಲಾಸ್ಟಿಕ್ ಮೈ, ಹಿಂದೆ ಮಕ್ಕಳಿಗೆ ಮಾತ್ರ ಸಾಲುವ ಜಾಗ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದ ಕೇಂದ್ರಕ್ಕೆ ಹೋಗುವ ವಾಹನಗಳಿಗೆ ಹಾಕಿದ್ದ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದದ್ದರಿಂದ ಅಲ್ಲಿ ಕೊಂಡವರಿದ್ದರು. ಟಾಪ್ ಗೇರ್ ಎಂಬ ಟಿವಿ ಕಾರ್ಯಕ್ರಮದವರು ಅದನ್ನು ಗೇಲಿ ಮಾಡಿದ್ದೇ ಮಾಡಿದ್ದು. 2010ರಲ್ಲಿ ಮಹೀಂದ್ರ ಅದನ್ನು ಕೊಂಡಿತು. ಇವತ್ತು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಹಸಿರು ಪ್ಲೇಟಿನ ಕಾರುಗಳು ಸಾಲುಗಟ್ಟಿ ನಿಂತಾಗ ರೇವಾದ ಹೆಸರೆತ್ತುವವರು ಕಡಿಮೆ.

ಇಂಥ ಕಾರುಗಳನ್ನು ಹುಡುಕಿ ತರುವವರು ಯಾರು? ರೋಲ್ಸ್ ರಾಯ್ಸ್ ಸಂಗ್ರಹಿಸುವವರಲ್ಲ. ಧರ್ಮಸ್ಥಳದ ವಾಹನ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿ ಹಳೆಯ ಕಾರುಗಳ ಮುಂದೆ ಜನ ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದ್ದೇನೆ. ಉದ್ದ ಬಾನೆಟ್ಟಿನ, ಫಳಫಳ ಹೊಳೆಯುವ, ಯಾವನೋ ಮಹಾರಾಜನ ನೆನಪು ಬರುವ ಕಾರಿನ ಮುಂದೆಯೇ ಗುಂಪು. ಅದು ಸಹಜವೇ. ಬೇಡದ ಕಾರಿನ ಸಂಗ್ರಾಹಕನ ಕಷ್ಟ ಬೇರೆ ಬಗೆಯದು. ಅವನಿಗೆ ಕಾರು ಅಗ್ಗಕ್ಕೇ ಸಿಗುತ್ತದೆ, ಕೆಲವೊಮ್ಮೆ ಸುಮ್ಮನೇ ಸಿಗುತ್ತದೆ, "ತಗೊಂಡು ಹೋಗಿ, ಜಾಗ ಖಾಲಿಯಾಗುತ್ತೆ" ಎನ್ನುತ್ತಾರೆ. ಆಮೇಲೆ ಶುರು. ಲಕ್ಷಗಟ್ಟಲೆ ತಯಾರಾದ ಕಾರಿನ ಬಿಡಿಭಾಗ ಐವತ್ತು ವರ್ಷವಾದರೂ ಎಲ್ಲೋ ಒಂದು ಕಡೆ ಇರುತ್ತದೆ. ಕೆಲವೇ ಸಂಖ್ಯೆಯಲ್ಲಿ ತಯಾರಾದದ್ದರ ಬಿಡಿಭಾಗ ಜೆ.ಸಿ. ರಸ್ತೆಯಲ್ಲಿಲ್ಲ, ಶಿವಾಜಿನಗರದ ಗುಜರಿಯಲ್ಲಿಲ್ಲ, ಅದನ್ನು ಕಂಡ ಮೆಕ್ಯಾನಿಕ್ಕೂ ಇಲ್ಲ. ನನ್ನ ಶೆಡ್ಡಿನ ಯಜಮಾನರು ಮೂಲ ಎಂಜಿನ್ನಿನ ಗ್ಯಾಸ್ಕೆಟ್ಟಿಗಾಗಿ ಎರಡು ವರ್ಷ ಅಲೆದರಂತೆ. ಇಂಗ್ಲೆಂಡಿನಲ್ಲಿ ರಿಲಯಂಟ್ ಕಿಟನ್ ರಿಜಿಸ್ಟರ್ ಎಂಬ ಅಭಿಮಾನಿಗಳ ಕೂಟವೇ ಇದೆ. ಅಲ್ಲಿ 750 ಸಿಸಿ ಹೆಸರಿನ ಅಗ್ಗದ ರೇಸುಗಳಲ್ಲಿ ರಿಲಯಂಟ್ ಎಂಜಿನ್ನನ್ನು ಬಳಸಿದ್ದರಿಂದ ಬಿಡಿಭಾಗಗಳೂ ಉಳಿದಿವೆ. ಆದರೆ ಪೆನ್ಷನ್ ದುಡ್ಡಿನಲ್ಲಿ ಪೌಂಡು ಲೆಕ್ಕ, ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಯಾರು ಕೊಡುತ್ತಾರೆ?

ಕೊನೆಗೆ ಆಮ್ನಿ. ಯಾಕೆ ಮಾರುತಿ 800 ಅಲ್ಲ ಎಂದು ಕೇಳಿದಾಗ ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಪಾಠ ಮಾಡಿದರು. 800ರ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಮುಂದಿನ ಚಕ್ರ ತಿರುಗಿಸುತ್ತದೆ. ಆಮ್ನಿಯದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, ಡಾಲ್ಫಿನ್ನಿನ ಹಾಗೆಯೇ. ಮೌಂಟಿಂಗ್‌ಗಳನ್ನು ಹೊಸದಾಗಿ ಬೆಸೆದು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಸರಿಮಾಡಿಸಿ, ರೇಡಿಯೇಟರ್ ಜಾಗ ಬದಲಿಸಿದರೆ ಆಯಿತು. "ಆಯಿತು" ಎಂದು ಅವರು ಅಂದದ್ದರ ಹಿಂದೆ ಹದಿನಾಲ್ಕು ತಿಂಗಳಿತ್ತು. ಡಾಲ್ಫಿನ್ನನ್ನು ಮಾರುಕಟ್ಟೆಯಿಂದ ಹೊರದಬ್ಬಿದ ಕಂಪನಿಯ ಎಂಜಿನ್ನೇ ಈಗ ಅದಕ್ಕೆ ಜೀವ. ಇದನ್ನು ನಾನು ಗಮನಿಸಿದ್ದು ಮನೆಗೆ ಬಂದ ಮೇಲೆ. ಅವರಿಗೆ ಅದರಲ್ಲಿ ವ್ಯಂಗ್ಯವೇನೂ ಕಂಡಂತಿರಲಿಲ್ಲ.

ರೇವಾದವರದೂ ಇದೇ ಪಾಡು. ಸೀಸದ ಬ್ಯಾಟರಿ ಸತ್ತರೆ ಕಾರು ಸತ್ತಂತೆ. ಹೊಸ ಎಂಟು ಬ್ಯಾಟರಿಯ ಬೆಲೆ ಕೆಲವೊಮ್ಮೆ ಹಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಲಿಥಿಯಂ ಬ್ಯಾಟರಿ ಕೂರಿಸುತ್ತಾರೆ. ತೂಕ ಇಳಿಯುತ್ತದೆ, ಓಡುವ ದೂರ ಹೆಚ್ಚುತ್ತದೆ. ಆದರೆ ಮೊದಲ ತಲೆಮಾರಿನ ಭಾರತದ ವಿದ್ಯುತ್ ಕಾರು ಹೇಗೆ ತಿಣುಕುತ್ತಾ ಮೇಲ್ಸೇತುವೆ ಹತ್ತುತ್ತಿತ್ತು ಎಂಬುದರ ಸಾಕ್ಷ್ಯ ಅಲ್ಲಿಗೆ ಅಳಿಸಿಹೋಯಿತು. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಆ ತಿಣುಕಾಟವೂ ಬೇಕು. ಕಾರಿನ ಒಡೆಯನಿಗೆ ಬೇಕಿಲ್ಲ, ಯಾಕಾದರೂ ಬೇಕು?

ಈ ಜಗಳ ಕನ್ನಡ ಓದಿದವರಿಗೆ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಎಂ.ಎ.ಯಲ್ಲಿ ಪರೀಕ್ಷೆಗೆಂದು ಓದಿದವರಿಗೆ ಓಲೆಗರಿ, ಪಾಠಾಂತರ, ಪ್ರಕ್ಷಿಪ್ತ, ಲಿಪಿಕಾರನ ದೋಷ ಇವೆಲ್ಲ ನೆನಪಿರಬೇಕು. ಹಲವು ಪ್ರತಿಗಳನ್ನು ಹೋಲಿಸಿ, ನಡುವೆ ಸೇರಿದ ಕೈಗಳನ್ನು ಗುರುತಿಸಿ, ಕವಿ ಬರೆದಿರಬಹುದಾದ ಮೂಲಪಾಠದ ಹತ್ತಿರಕ್ಕೆ ಹೋಗುವುದು ಸಂಪಾದಕನ ಕೆಲಸ. ಕಾರು ಜೀರ್ಣೋದ್ಧಾರ ಮಾಡುವ ಮಡಿವಂತರದೂ ಇದೇ ನಿಷ್ಠೆ: ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆ. ಬೋಲ್ಟಿನ ತಲೆಯ ಮೇಲಿನ ಗುರುತೂ ಸರಿಯಿರಬೇಕು. ಆದರೆ ಡಾಲ್ಫಿನ್ನಿನ ಮೂಲ ಯಾವುದು? ಅದು ಕಿಟನ್ನಿನ ಪಾಠಾಂತರ. ಕಿಟನ್ ರಾಬಿನ್ನಿನದು, ರಾಬಿನ್ ರೀಗಲ್ಲಿನದು. ಇಂಥ ಸಣ್ಣ ಕಾರ್ಖಾನೆಗಳು ದೀಪ, ಸ್ವಿಚ್ಚು, ಬೀಗಗಳನ್ನು ತಾವೇ ಮಾಡುವುದಿಲ್ಲ, ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನು ಹಾಕುತ್ತವೆ. ಓಲೆಗರಿಯ ಲಿಪಿಕಾರ ಗೆದ್ದಲು ತಿಂದ ಜಾಗವನ್ನು ತನಗೆ ತಿಳಿದ ಮಟ್ಟಿಗೆ ತುಂಬಿ ಪ್ರತಿ ಮಾಡದೆ ಇದ್ದಿದ್ದರೆ ಎಷ್ಟೋ ಕಾವ್ಯಗಳು ನಮ್ಮ ಕೈಸೇರುತ್ತಲೇ ಇರಲಿಲ್ಲ. ಅವನ ತಪ್ಪುಗಳನ್ನು ಪಟ್ಟಿ ಮಾಡುವಾಗ ಇದನ್ನು ಮರೆಯುತ್ತೇವೆ.

ಕಾನೂನಿಗೆ ಮಾತ್ರ ಲಿಪಿಕಾರ ಬೇಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ನಿಗದಿ ಮಾಡಿದ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ನನಗೆ ಅದರಲ್ಲಿ ತಕರಾರಿಲ್ಲ. ಬ್ರೇಕು ಹಾಗೆಯೇ ಇಟ್ಟು ಎಂಜಿನ್ ಮಾತ್ರ ದೊಡ್ಡದು ಹಾಕಿದ ಕಾರಿನ ಎದುರು ನಾನೂ ರಸ್ತೆ ದಾಟಲಾರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ಸ್ವರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಸಂಶೋಧನೆಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಇನ್ನೊಂದು ಕಡೆ, ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು.

ಹದಿನೈದಕ್ಕೂ ಐವತ್ತಕ್ಕೂ ನಡುವೆ ಮೂವತ್ತೈದು ವರ್ಷ. ಅಷ್ಟು ಕಾಲ ಕಾರು ಚರಿತ್ರೆಯಲ್ಲ, ಗುಜರಿ. ಆ ಅವಧಿಯನ್ನು ಎಂಜಿನ್ ಬದಲಿಸದೆ ದಾಟುವುದು ಅಂಬಾಸಿಡರಿಗೆ ಸಾಧ್ಯ, ಫಿಯೆಟ್ಟಿಗೆ ಸಾಧ್ಯ, ರಾಜರ ಕಾರುಗಳಿಗೆ ಖಂಡಿತ ಸಾಧ್ಯ. ಬಿಡಿಭಾಗವೇ ಇಲ್ಲದ ಡಾಲ್ಫಿನ್ನಿಗೆ ಬಲು ಕಷ್ಟ. ಬದಲಾಗದೆ ಉಳಿಯಲಾರದು, ಬದಲಾದರೆ ಲೆಕ್ಕಕ್ಕಿಲ್ಲ. ಶೆಡ್ಡಿನ ಕಾರಿಗೆ ಐವತ್ತಾಗುವುದು 2035ಕ್ಕೆ. ಆಗಲೂ ಅದು ವಿಂಟೇಜ್ ಆಗುವುದಿಲ್ಲ, ಅದರ ಹೊಟ್ಟೆಯಲ್ಲಿರುವುದು ಆಮ್ನಿ. ಅವರ ಆರ್‌ಸಿಯಲ್ಲಿ ಈಗಲೂ ಹಳೆಯ ಎಂಜಿನ್ನಿನ ನಂಬರೇ ಇದೆ. ಆದ್ದರಿಂದ ಗೇಟು ದಾಟಿಸುವುದಿಲ್ಲ. ಭಾನುವಾರ ಬೆಳಗ್ಗೆ ಸ್ಟಾರ್ಟ್ ಮಾಡಿ, ಮನೆಯ ಹಿಂದಿನ ಅಂಗಳದಲ್ಲಿ ತೆಂಗಿನ ಮರದವರೆಗೆ ಹೋಗಿ ರಿವರ್ಸ್‌ನಲ್ಲಿ ಬರುತ್ತಾರೆ. ಹೋಗಿ ಬರುವುದಕ್ಕೆ ನಲವತ್ತು ಹೆಜ್ಜೆಯೂ ಆಗಲಿಕ್ಕಿಲ್ಲ.

ಬದಲಾದ ಕಾರಿನಲ್ಲಿ ಮೂಲವೇನೂ ಉಳಿದಿಲ್ಲ ಎಂದು ಹೇಳುವವರು ಅದರ ಒಳಮೈ ನೋಡಬೇಕು. ಫೈಬರ್‌ಗ್ಲಾಸಿನ ಹೊರಮೈ ಅಚ್ಚಿಗೆ ತಾಗಿದ್ದರಿಂದ ನುಣುಪು. ಒಳಮೈ ಮಾತ್ರ ಮೆತ್ತಿದ ಕೈಗೆ ಬಿಟ್ಟದ್ದು. ಅವರು ಹಿಂದಿನ ಸೀಟು ಎತ್ತಿ ಟಾರ್ಚು ಬಿಟ್ಟರು. ಗಾಜಿನ ನಾರು ಅಡ್ಡಾದಿಡ್ಡಿಯಾಗಿ ಒಣಗಿದ ಗುರುತು, ಒಂದು ಕಡೆ ರೆಸಿನ್ ಹರಿದು ಗಟ್ಟಿಯಾದ ಹನಿ, ಅದರೊಳಗೆ ಬ್ರಷ್ಷಿನ ಒಂದು ಎಳೆ ಕೂದಲು ಸಿಕ್ಕಿಕೊಂಡಿತ್ತು. 1985ರಲ್ಲಿ ಬೆಂಗಳೂರಿನ ಯಾವುದೋ ಕಾರ್ಮಿಕ, ಅಥವಾ ಕಾರ್ಮಿಕಳು, ಮಾಡಿದ ಕೆಲಸ. ಆ ಕೈಯ ಬಗ್ಗೆ ನನಗೆ ಈವರೆಗೆ ಒಂದು ಕಾಗದವೂ ಸಿಕ್ಕಿಲ್ಲ, ಸಂಬಳದ ಪುಸ್ತಕವಿಲ್ಲ, ಫೋಟೊ ಇಲ್ಲ. ನನ್ನ ಅಧ್ಯಾಯಕ್ಕೆ ಸದ್ಯ ಇರುವ ಆಕರ ಆ ಒಂದು ಕೂದಲು. ಎಂಜಿನ್ ಹೊಸದೆಂಬ ಕಾರಣಕ್ಕೆ ಈ ಕಾರು ಗುಜರಿಗೆ ಹೋದರೆ ಅದೂ ಹೋಗುತ್ತದೆ. ಫೈಬರ್‌ಗ್ಲಾಸನ್ನು ಕರಗಿಸಿ ಮಾರಲೂ ಬರುವುದಿಲ್ಲ, ಒಡೆದು ಎಸೆಯುತ್ತಾರೆ.

ನಾನು ಫೋಟೊ ತೆಗೆದುಕೊಂಡೆ. ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು ತೆಗೆದೆ. ಎಂಜಿನ್ ನಂಬರು, ಚಾಸಿ ನಂಬರು, ಯಾವ ಭಾಗ ಎಲ್ಲಿಂದ ಬಂತು, ಯಾವ ವರ್ಷ ಹಾಕಿದ್ದು ಎಲ್ಲವನ್ನೂ ಅವರು ಹೇಳಿದ ಹಾಗೆ ಬರೆದುಕೊಂಡೆ. ಪಟ್ಟಿ ಏಳು ಪುಟವಾಯಿತು. ಮುಗಿಯುವ ಹೊತ್ತಿಗೆ ಮೋಡ ಕವಿದಿತ್ತು. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಸೀಳಿದೆ, ಸರಿಯಾದದ್ದು ಎಲ್ಲೂ ಸಿಕ್ಕಿಲ್ಲ, ಮಳೆ ಬಂದರೆ ನೀರು ಒಳಗಿಳಿಯುತ್ತದೆ ಎಂದು ಅವರು ಯಾವುದೋ ಚುನಾವಣೆಯ ಹಳೆಯ ಫ್ಲೆಕ್ಸನ್ನು ತಂದರು. ಒಂದು ತುದಿಯನ್ನು ನಾನು ಹಿಡಿದುಕೊಂಡೆ, ಇನ್ನೊಂದನ್ನು ಅವರು ಚಕ್ರದ ಕೆಳಗೆ ಸಿಕ್ಕಿಸಿ ಇಟ್ಟಿಗೆ ಇಟ್ಟರು.